ನೆರಳು ಬದಿಯ ಗೂಡು

ಗಂಟೆಗೋಪುರದ ಬಟ್ಟೆ ಬಿಚ್ಚುತ್ತಾರೆ ಎಂಬ ಸುದ್ದಿ ಬಂದ ದಿನ ನಮ್ಮ ಗೈಡುಗಳೆಲ್ಲ ಕೋಟೆ ಬಾಗಿಲಿನ ಎದುರಿನ ಚಹಾದಂಗಡಿಯಲ್ಲಿ ಸೇರಿ ಒಬ್ಬರಿಗೊಬ್ಬರು ಕೈ ಕುಲುಕಿದರು. ದುರಸ್ತಿಗೆಂದು ಸುತ್ತಿದ್ದ ಹಸಿರು ಬಲೆ ವರ್ಷಗಟ್ಟಲೆ ಹಾಗೆಯೇ ಉಳಿದುಬಿಟ್ಟಿತ್ತು. ಗುತ್ತಿಗೆದಾರರು ಬದಲಾದರು, ಕೆಲಸ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ರಾಜಧಾನಿಯನ್ನು ಕಾಲ್ನಡಿಗೆಯಲ್ಲಿ ತೋರಿಸುವ ನಾವು ಜನರನ್ನು ಕೋಟೆ ಬಾಗಿಲಿನಿಂದ ಹಳೆಯ ನ್ಯಾಯಾಲಯಕ್ಕೆ, ಅಲ್ಲಿಂದ ಟಂಕಸಾಲೆಯ ಓಣಿಗೆ, ಓಣಿಯಿಂದ ದೊಡ್ಡ ಚೌಕಕ್ಕೆ ಕರೆತಂದು, ಆಕಾಶದೆತ್ತರದ ಒಂದು ಹಸಿರು ಮೂಟೆಯ ಮುಂದೆ ನಿಲ್ಲಿಸಿ, ಇದರೊಳಗೆ ಇರುವುದೇ ಪ್ರಸಿದ್ಧ ಗಂಟೆಗೋಪುರ ಎನ್ನುತ್ತಿದ್ದೆವು.

"ಅಂತೂ ಮದುವೆ ಹೆಣ್ಣಿನ ಮುಸುಕು ತೆಗೀತಾರಪ್ಪ," ಅಂದ ಛತ್ರಿ. ಮಳೆಯಿರಲಿ ಬಿಸಿಲಿರಲಿ, ಹಿಂದೆ ಬರುವವರಿಗೆ ಗುರುತು ಸಿಗಲೆಂದು ಕೆಂಪು ಛತ್ರಿ ಎತ್ತಿ ನಡೆಯುವ ಅವನಿಗೆ ನಾವಿಟ್ಟ ಹೆಸರು ಅದು. "ಮೂಟೆ ಹೊಗಳಿ ಹೊಗಳಿ ನನ್ನ ನಾಲಿಗೆ ಸವೆದುಹೋಗಿತ್ತು. ನಿನಗೇನು ಬಿಡಮ್ಮ, ನಿಮ್ಮಪ್ಪ ಕಲಿಸಿಕೊಟ್ಟ ಮಾತು. ಮೂಟೆ ತೋರಿಸಿಯೇ ಜನರ ಕಣ್ಣಲ್ಲಿ ನೀರು ತರಿಸ್ತೀಯ."

ನಾನೂ ನಕ್ಕೆ. ಆ ಗೋಪುರವನ್ನು ನಾನು ಒಮ್ಮೆಯೂ ನೋಡಿಲ್ಲ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಅಮ್ಮ ತೀರಿಕೊಂಡಾಗ ನನಗೆ ಸರಿಯಾಗಿ ಮಾತು ಕೂಡ ಬರುತ್ತಿರಲಿಲ್ಲವಂತೆ. ಅವಳಿಗೆ ಬಂದದ್ದು ಕಾಮಾಲೆ. ಅಪ್ಪನಿಗೆ ಬೆಳಗಿನಿಂದ ಸಂಜೆಯವರೆಗೆ ಬೀದಿಯಲ್ಲಿ ಕೆಲಸ. ಹಾಗಾಗಿ ಸೋದರತ್ತೆ ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ನಾನು ಬೆಳೆದದ್ದು ಅಲ್ಲೇ. ಕಾಲೇಜಿಗೆಂದು ರಾಜಧಾನಿಗೆ ಬರುವಷ್ಟರಲ್ಲಿ ಗೋಪುರಕ್ಕೆ ಬಲೆ ಸುತ್ತಿ ಆಗಿತ್ತು. ಓದಿದ್ದು ಭೌತಶಾಸ್ತ್ರ. ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸವೂ ಸಿಕ್ಕಿತ್ತು. ಆ ಪ್ರಯೋಗಾಲಯ ಬೇರೆ ಊರಿಗೆ ಹೋದ ವರ್ಷವೇ ಅಪ್ಪನ ಮಂಡಿ ಕೈಕೊಟ್ಟಿತು. "ನನ್ನ ಕಾಲು ಸರಿಯಾಗೋವರೆಗೆ ಗುಂಪು ನೋಡ್ಕೋ, ಆಮೇಲೆ ನಿನ್ನ ತಕ್ಕಡಿ ಹುಡುಕ್ಕೊಂಡು ಹೋಗು," ಎಂದ. ಕಾಲು ಸರಿಹೋಗಲಿಲ್ಲ. ನಾನೂ ಹೋಗಲಿಲ್ಲ.

ಅಪ್ಪ ನನಗೆ ಊರನ್ನು ಕಲಿಸಿದ್ದು ನಮ್ಮ ಮೂರನೇ ಮಹಡಿಯ ಮನೆಯೊಳಗೆ. ಮಂಚ ಕೋಟೆಗೋಡೆ, ಬಟ್ಟೆಯ ಬೀರು ನ್ಯಾಯಾಲಯ, ಒಲೆಯ ಕಟ್ಟೆ ಟಂಕಸಾಲೆ, ನೀರಿನ ಪಿಪಾಯಿ ಚೌಕದ ಬಾವಿ, ಫ್ಲಾಸ್ಕು ಗೋಪುರ. ಅವುಗಳ ನಡುವೆ ನಾನು ಹಿಮ್ಮುಖವಾಗಿ ನಡೆಯಬೇಕು. ನಮ್ಮ ಕಸುಬಿನಲ್ಲಿ ಮುಖ್ಯವಾದದ್ದು ಅದೇ. "ಗುಂಪಿಗೆ ಬೆನ್ನು ತೋರಿಸಿದ್ರೆ ಮಾತು ಗಾಳಿಗೆ ಹೋಗುತ್ತೆ. ಜಾಗ ನೀನು ನೋಡಬೇಕಾಗಿಲ್ಲ ಕಣೆ, ಅದು ಓಡಿಹೋಗಲ್ಲ. ಜನರ ಮುಖ ನೋಡು," ಎನ್ನುತ್ತಿದ್ದ. ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಊರುಗೋಲಿನಿಂದ ನೆಲ ತಟ್ಟಿ, "ಹಿಂದೆ ಮೆಟ್ಟಿಲು!" ಎಂದು ಎಚ್ಚರಿಸುತ್ತಿದ್ದ. ನಾನು ಬೀರುವಿಗೆ ಡಿಕ್ಕಿ ಹೊಡೆದಾಗ, "ನ್ಯಾಯಾಲಯದ ಗೋಡೆಗೆ ಗುದ್ದಿದ್ದಕ್ಕೆ ದಂಡ, ಒಂದು ಲೋಟ ಚಹಾ," ಎನ್ನುತ್ತಿದ್ದ.

ಚೌಕಕ್ಕೆ ಬಂದಾಗ ಮಾತ್ರ ತಮಾಷೆ ನಿಲ್ಲುತ್ತಿತ್ತು. ಅಲ್ಲಿನ ಮಾತುಗಳನ್ನು ಅಪ್ಪ ನನ್ನಿಂದ ಅಕ್ಷರ ಬಿಡದ ಹಾಗೆ ಹೇಳಿಸಿದ. ಈಗ ಎಲ್ಲರೂ ಬಾವಿಕಟ್ಟೆಯ ಈ ಮೂಲೆಗೆ ಬನ್ನಿ. ಗಂಟೆಯ ಕೆಳಗೆ, ನೆರಳು ಬಿದ್ದಿರುವ ಬದಿಯಲ್ಲಿ, ಮೂರು ಗೂಡುಗಳಿವೆ. ಎಡಗಡೆಯದರಲ್ಲಿ ಕಮ್ಮಾರ, ಬಲಗಡೆಯದರಲ್ಲಿ ನೇಕಾರ. ನಡುವಿನ ಗೂಡಿನಲ್ಲಿ ಒಬ್ಬಳು ಹುಡುಗಿ. ಒಂದು ಕೈ ಗೋಡೆಗೆ, ಇನ್ನೊಂದು ಕೈ ಹುಬ್ಬಿನ ಮೇಲೆ. ಕೆಳಗೆ ಬಗ್ಗಿ ಯಾರನ್ನೋ ಹುಡುಕುತ್ತಿದ್ದಾಳೆ. ಕಡೆದವನು ಯಾರೋ, ಕಡೆಯಿಸಿಕೊಂಡವಳು ಯಾರೋ. ಆದರೆ ಅವಳಿಗೆ ನಗು ಬಂದಿದೆ. ಎಡಗೆನ್ನೆಯ ಗುಳಿ ನೋಡಿ.

ಈ ಹುಡುಗಿಯ ವಿಚಾರ ನಾನು ಗೈಡಾಗುವುದಕ್ಕೆ ಎಷ್ಟೋ ಮೊದಲೇ ಕೇಳಿದ್ದೆ. ಅತ್ತೆಯ ಮನೆಗೆ ಅಪ್ಪ ಬಂದಾಗಲೆಲ್ಲ ನನ್ನದು ಒಂದೇ ಪ್ರಶ್ನೆ, ಅಮ್ಮ ಹೇಗಿದ್ದಳು ಎಂದು. ಮನೆಯಲ್ಲಿದ್ದದ್ದು ಮದುವೆಯ ಒಂದು ಫೋಟೋ. ಅದರಲ್ಲಿ ಅಮ್ಮ ತಲೆ ತಗ್ಗಿಸಿದ್ದಾಳೆ. ಬೈತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಪ್ಪ ಒಮ್ಮೆ ಅತ್ತೆಯತ್ತ ನೋಡಿ, ಆಮೇಲೆ ನನಗೆ ಹೇಳುತ್ತಿದ್ದ: "ನಮ್ಮೂರ ಗೋಪುರದ ಮೇಲೆ ಕಲ್ಲಿನ ಹುಡುಗಿ ಒಬ್ಬಳಿದಾಳೆ. ಥೇಟ್ ನಿಮ್ಮಮ್ಮ. ನೀನು ದೊಡ್ಡವಳಾಗಿ ಬಾ, ತೋರಿಸ್ತೀನಿ."

ನಾನು ದೊಡ್ಡವಳಾಗಿ ಬಂದೆ. ಬಂದ ದಿನವೇ ಪೆಟ್ಟಿಗೆ ಮನೆಯಲ್ಲಿಟ್ಟು ಚೌಕಕ್ಕೆ ಓಡಿದ್ದೆ.

ಆ ಬದಿಯ ನೇರ ಚಿತ್ರ ಎಲ್ಲಿಯೂ ಸಿಗಲಿಲ್ಲ. ಅಂಚೆ ಕಾರ್ಡುಗಳಿಗೆ, ಪುಸ್ತಕಗಳಿಗೆ ಎಲ್ಲರೂ ತೆಗೆಯುವುದು ಬಿಸಿಲು ಬೀಳುವ ಮುಂಬದಿಯನ್ನು. ಒಂದೆರಡು ಚಿತ್ರಗಳಲ್ಲಿ ನೆರಳು ಬದಿ ಓರೆಯಾಗಿ ಬಂದಿತ್ತು. ದೊಡ್ಡದು ಮಾಡಿ ನೋಡಿದರೆ ನಡು ಗೂಡಿನಲ್ಲಿ ಕಪ್ಪು. ಕಪ್ಪಿನಲ್ಲಿ ನಾನು ನೋಡಬೇಕೆಂದುಕೊಂಡದ್ದೆಲ್ಲ ಕಾಣುತ್ತಿತ್ತು, ಆದ್ದರಿಂದ ನೋಡುವುದನ್ನು ಬಿಟ್ಟೆ. ಇನ್ನೊಂದು ಅನುಮಾನವೂ ಇತ್ತು. ಬಾವಿಕಟ್ಟೆಯಿಂದ ಗೂಡಿಗೆ ಇರುವ ದೂರದಲ್ಲಿ ಮನುಷ್ಯನ ಕಣ್ಣಿಗೆ ಕೈ ಎಲ್ಲಿದೆ, ತಲೆ ಎಲ್ಲಿದೆ ಎಂದು ತಿಳಿಯಬಹುದು. ಕೆನ್ನೆಯ ಗುಳಿ ತಿಳಿಯುವುದು ಸಾಧ್ಯವಿಲ್ಲ. ಕಣ್ಣುಪಾಪೆಯ ಅಗಲ, ಬೆಳಕಿನ ಗುಣ, ಇವು ಯಾರ ಮುಲಾಜಿಗೂ ಬಗ್ಗುವಂಥವಲ್ಲ. ಇದನ್ನು ಅಪ್ಪನಿಗೆ ಹೇಳಿದ್ದೆ.

"ಆಗ ನನ್ನದು ಹದ್ದಿನ ಕಣ್ಣು," ಎಂದಿದ್ದ.

"ಹದ್ದಿಗೂ ಕಷ್ಟ ಅಪ್ಪ."

"ಓದಿಸಿದ್ದು ನಾನೇ ಅಲ್ವಾ, ಅನುಭವಿಸ್ತೀನಿ," ಎಂದು ಆ ಕಡೆ ತಿರುಗಿ ಮಲಗಿದ್ದ.

ಲೆಕ್ಕ ಅಲ್ಲಿಗೇ ಬಿಟ್ಟೆ. ದಿನವೂ ಬಾವಿಕಟ್ಟೆಯ ಮೂಲೆಯಲ್ಲಿ ನಿಂತು, ಹಸಿರು ಬಲೆಗೆ ಬೆನ್ನು ಹಾಕಿ, ಅಪ್ಪನ ಮಾತುಗಳನ್ನು ಹೇಳಿದೆ. ಜನ ಬಲೆಯತ್ತ ತಲೆಯೆತ್ತುತ್ತಿದ್ದರು. ಗುಳಿಯ ಮಾತು ಬಂದಾಗ ಅವರ ಮುಖಗಳಲ್ಲೂ ಏನೋ ಸಡಿಲವಾಗುತ್ತಿತ್ತು. ಕಾಣದ್ದನ್ನು ಕಂಡವರಂತೆ ನಗುತ್ತಿದ್ದರು. ಆ ನಗು ನೋಡುತ್ತ ನಾನು ಅಮ್ಮನನ್ನು ಅಂದಾಜು ಮಾಡಿಕೊಳ್ಳುತ್ತಿದ್ದೆ.

ಬಲೆಯನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬಂದರು. ಆ ವಾರವಿಡೀ ಅಪ್ಪ ಒಂದು ಬಗೆಯಾಗಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ.

"ಎಲ್ಲಿವರೆಗೆ ಬಂತು?"

"ಗಂಟೆ ಕಾಣ್ತಿದೆ. ನಾಡಿದ್ದು ಗೂಡುಗಳು ಕಾಣುತ್ತಂತೆ."

"ಹೂಂ." ಮಂಡಿ ನೀವಿಕೊಳ್ಳುತ್ತ, "ಒಂದು ಕೆಲಸ ಮಾಡು. ಇನ್ನು ಮೇಲೆ ಬಾವಿ ಕಡೆ ಹೋಗಬೇಡ. ಮುಂಬದಿ ತೋರಿಸಿ ನೇರ ಸೇತುವೆಗೆ ಕರ್ಕೊಂಡು ಹೋಗು. ಬಾವಿ ಹತ್ರ ಬಿಸಿಲು ಜಾಸ್ತಿ. ವಯಸ್ಸಾದವರಿಗೆ ತಲೆ ತಿರುಗುತ್ತೆ."

"ಬಿಸಿಲಾ? ನೆರಳು ಬದಿ ಅಂತ ನೀನೇ ಹೇಳಿಸಿದ್ದು."

"ನೆರಳು ಗೋಪುರಕ್ಕೆ. ಬಾವಿಗಲ್ಲ."

"ಅಪ್ಪಾ, ಮೂಟೆ ಇದ್ದಾಗ ಬಾವಿ ಹತ್ರ ನಿಲ್ಲಿಸಿದೀನಿ. ಈಗ ಅವಳು ಕಾಣೋ ಹೊತ್ತಿಗೆ ಸೇತುವೆಗೆ ಹೋಗು ಅಂತೀಯಲ್ಲ, ನಿನಗೇನಾಗಿದೆ?"

"ಮಂಡಿ ನೋವು," ಎಂದು ರೇಡಿಯೋ ಜೋರು ಮಾಡಿದ.

ಗೂಡುಗಳು ತೆರೆದುಕೊಂಡ ಸಂಜೆ ನಾನು ಚೌಕಕ್ಕೆ ಹೋಗಲಿಲ್ಲ. ಹೋಗಬಹುದಿತ್ತು. ಆದರೆ ಯಾವುದೋ ಮೂಲೆಯಿಂದ, ಯಾವುದೋ ಬೆಳಕಿನಲ್ಲಿ ಮೊದಲ ಸಲ ನೋಡಿ ಕೆಡಿಸಿಕೊಳ್ಳುವುದು ಬೇಡವಾಗಿತ್ತು. ಅಪ್ಪ ಕಲಿಸಿದ ಜಾಗದಿಂದ, ಕಲಿಸಿದ ಹೊತ್ತಿಗೆ, ಆ ಮಾತುಗಳ ಕೊನೆಯಲ್ಲಿ ತಿರುಗಿ ನೋಡಬೇಕು. ಮರುದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡೆ. ತಲೆಯನ್ನು ಎರಡು ಸಲ ಬಾಚಿಕೊಂಡೆ. ಅಪ್ಪ ಕುರ್ಚಿಯಿಂದ ನೋಡುತ್ತಿದ್ದ. ಬಾಗಿಲು ಎಳೆದುಕೊಳ್ಳುವಾಗ, "ಛತ್ರಿ ಜೊತೆಗಿರ್ತಾನಾ?" ಎಂದು ಕೇಳಿದ.

"ಅವನ ಗುಂಪು ಬೇರೆ. ಯಾಕೆ?"

"ಸುಮ್ನೆ ಕೇಳ್ದೆ."

ಆವತ್ತು ಗುಂಪಿನಲ್ಲಿದ್ದವರು ಹೆಚ್ಚೇನಿಲ್ಲ. ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಹಲ್ಲಿನ ಡಾಕ್ಟರು, ಅವರ ಗೆಳೆಯರು ಮೂವರು, ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರು ತಾವು ಮದುವೆಗೆ ಮುಂಚೆ ಒಮ್ಮೆ ಇದೇ ದಾರಿಯಲ್ಲಿ ಬಂದಿದ್ದಾಗಿ ಕೋಟೆ ಬಾಗಿಲಿನಲ್ಲೇ ಹೇಳಿಕೊಂಡಿದ್ದರು. ಆಗಿನ ಗೈಡು ತೆಳ್ಳಗೆ, ಉದ್ದಕ್ಕೆ, ಬಾಯಿ ತೆರೆದರೆ ಜೇನು. ನಮ್ಮಪ್ಪ ಎಂದೆ. "ಅಯ್ಯೋ, ಹೌದಾ! ಅದಕ್ಕೇ ಆ ಹಿಂದೆ ಹಿಂದೆ ನಡೆಯೋ ಗತ್ತು," ಎಂದು ಹೆಂಡತಿಯ ಕಡೆ ತಿರುಗಿದರು. "ನೋಡಿದ್ಯಾ, ನಾನು ಹೇಳಿರಲಿಲ್ವಾ?" ಆಕೆ, "ನೀವು ದಿನಕ್ಕೆ ಹತ್ತು ಹೇಳ್ತೀರಿ, ಯಾವುದು ಅಂತ ನೆನಪಿಟ್ಕೊಳ್ಳಲಿ?" ಎಂದರು.

ಟಂಕಸಾಲೆಯ ಓಣಿ ಮುಗಿದು ಚೌಕದ ಬೆಳಕು ಬೆನ್ನಿಗೆ ತಾಕಿತು. ಗುಂಪಿನ ಮುಖಗಳು ಒಟ್ಟಿಗೆ ಮೇಲೆದ್ದವು. "ಅಬ್ಬಾ," ಎಂದರು ಮೇಷ್ಟ್ರ ಹೆಂಡತಿ. ನಾನು ತಿರುಗಲಿಲ್ಲ. ಹಿಮ್ಮುಖವಾಗಿಯೇ ಚೌಕ ದಾಟಿ, ಬಾವಿಕಟ್ಟೆಯ ಕಲ್ಲು ಹಿಮ್ಮಡಿಗೆ ಸಿಕ್ಕಿದ ಮೇಲೆ ನಿಂತೆ. ಎಲ್ಲರನ್ನೂ ಮೂಲೆಗೆ ಕರೆದೆ.

ಕಮ್ಮಾರನ ಬಗ್ಗೆ ಹೇಳಿದೆ. ಅವರ ಕಣ್ಣುಗಳು ಎಡಕ್ಕೆ ಹೋಗಿ ನಿಂತವು. ನೇಕಾರನ ಬಗ್ಗೆ ಹೇಳಿದೆ. ಬಲಕ್ಕೆ ಹೋಗಿ ನಿಂತವು. ನಡುವಿನ ಗೂಡಿನಲ್ಲಿ ಒಬ್ಬಳು ಹುಡುಗಿ ಎಂದೆ. ಕಣ್ಣುಗಳು ನಡುವಿಗೆ ಬಂದವು. ನಿಲ್ಲಲಿಲ್ಲ. ಸ್ವಲ್ಪ ಮೇಲೆ ಹೋದವು, ಕೆಳಗೆ ಬಂದವು, ಮತ್ತೆ ಕಮ್ಮಾರನ ಹತ್ತಿರ ಹೋಗಿ ಅಲ್ಲಿಂದ ಎಣಿಸುತ್ತ ಬಂದವು. ಡಾಕ್ಟರು ಕ್ಯಾಮೆರಾ ಎತ್ತಿ, ಇಳಿಸಿ, ಗಾಜು ಒರೆಸಿಕೊಂಡು ಮತ್ತೆ ಎತ್ತಿದರು. ನನ್ನ ಬಾಯಿ ಮಾತ್ರ ಹೇಳುತ್ತಲೇ ಇತ್ತು. ಒಂದು ಕೈ ಗೋಡೆಗೆ, ಇನ್ನೊಂದು ಕೈ ಹುಬ್ಬಿನ ಮೇಲೆ. ಎಷ್ಟೋ ವರ್ಷ ಜನರ ಮುಖ ನೋಡುವುದನ್ನೇ ಕೆಲಸ ಮಾಡಿಕೊಂಡವಳಿಗೆ ತಿರುಗಿ ನೋಡುವ ಅಗತ್ಯ ಉಳಿಯಲಿಲ್ಲ. ಆದರೂ ಎಡಗೆನ್ನೆಯ ಗುಳಿಯವರೆಗೆ ಹೇಳಿ ಮುಗಿಸಿ ತಿರುಗಿದೆ.

ಕಮ್ಮಾರನಿದ್ದ. ನೇಕಾರನಿದ್ದ. ತೊಳೆದ ಕಲ್ಲು, ಹೊಸ ಗಾರೆ. ನಡುವಿನ ಗೂಡು ಖಾಲಿ.

"ಇಲ್ಲಿ ಯಾರೂ ಇಲ್ವಲ್ಲ ಮೇಡಂ," ಎಂದರು ಡಾಕ್ಟರು, ತಮ್ಮದೇ ತಪ್ಪೇನೋ ಎಂಬ ದನಿಯಲ್ಲಿ.

"ಇದ್ಳು ಸ್ವಾಮಿ!" ಎಂದರು ಮೇಷ್ಟ್ರು. "ನಾನು ನೋಡಿದೀನಿ. ಇದೇ ಕಟ್ಟೆ ಹತ್ರ ನಿಂತು ನೋಡಿದೀನಿ. ಈಗ ಇವರು ಹೇಳಿದ ಹಾಗೇ ನಿಂತಿದ್ಳು."

"ಮನೆಯಲ್ಲಿ ಮೂಗಿನ ಮೇಲಿರೋ ಕನ್ನಡಕ ಕಾಣಲ್ಲ ಇವರಿಗೆ," ಎಂದರು ಹೆಂಡತಿ. "ಗೋಪುರದ ಮೇಲಿನ ಹುಡುಗಿ ಕಾಣ್ತಾಳೆ."

"ಕಂಡ್ಳು ಕಣೆ. ಕೈ ಕೂಡ ಬೀಸಿದ್ಳು."

"ಕಲ್ಲಿನವಳಾ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಹಾಗನ್ನಿಸ್ತು. ಬಿಸಿಲಿಗೆ ಇರಬಹುದು."

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ದುರಸ್ತಿಯಲ್ಲಿ ತೆಗೆದಿರಬಹುದು, ವಿಚಾರಿಸುತ್ತೇನೆ ಎಂದು ಹೇಳಿ ಸೇತುವೆಗೆ ಕರೆದುಕೊಂಡು ಹೋದೆ. ಸೇತುವೆಯ ಬಗ್ಗೆ ಏನು ಹೇಳಿದೆನೋ ನೆನಪಿಲ್ಲ. ಮನಸ್ಸಿನಲ್ಲಿ ಇದ್ದದ್ದು ಒಂದೇ: ಯಾರೋ ಅವಳನ್ನು ಇಳಿಸಿ ಎಲ್ಲಿಯೋ ಗೋದಾಮಿನಲ್ಲಿ ಮಲಗಿಸಿದ್ದಾರೆ. ಅವಳು ಇದ್ದದ್ದಕ್ಕೆ ಈಗ ಅಪ್ಪನಲ್ಲದೆ ಇನ್ನೊಬ್ಬರೂ ಸಾಕ್ಷಿ ಇದ್ದಾರೆ. ಗೋದಾಮಿನಲ್ಲಾದರೆ ಹತ್ತಿರದಿಂದಲೇ ನೋಡಬಹುದು. ಮುಟ್ಟಲೂಬಹುದು.

ಗುಂಪನ್ನು ಬೀಳ್ಕೊಟ್ಟು ನೇರವಾಗಿ ಗೋಪುರದ ಬುಡದ ತಗಡಿನ ಶೆಡ್ಡಿಗೆ ಹೋದೆ. ದುರಸ್ತಿಯ ಎಂಜಿನಿಯರು ನನಗಿಂತ ಚಿಕ್ಕವರು, ನೆತ್ತಿಯ ಮೇಲೆಲ್ಲ ಗಾರೆಯ ಪುಡಿ. ಸಂಜೆಯ ಬಿಸ್ಕತ್ತು ತಿನ್ನುತ್ತಿದ್ದರು. ನಡು ಗೂಡಿನ ವಿಗ್ರಹ ಎಲ್ಲಿಟ್ಟಿದ್ದೀರಿ ಎಂದೆ.

"ಯಾವ ವಿಗ್ರಹ?"

"ಹುಡುಗಿಯದು. ಕೈ ಹೀಗೆ."

"ಆ ಗೂಡು ಖಾಲಿಯೇ ಮೇಡಂ. ಕಟ್ಟಿದಾಗಿಂದ."

"ನೋಡಿದವರಿದ್ದಾರೆ."

ಅವರು ನನ್ನ ಮುಖ ನೋಡಿ ಬಿಸ್ಕತ್ತು ಕೆಳಗಿಟ್ಟರು. ದನಿ ತಗ್ಗಿಸಿ, ಪಾಠ ಹೇಳುವ ಹಾಗೆ ಹೇಳಿದರು. "ವಿಗ್ರಹ ನಿಲ್ಲಬೇಕಾದ್ರೆ ಪಾದದ ಕೆಳಗೆ ಕಬ್ಬಿಣದ ಗೂಟ ಇರಬೇಕು. ಕಮ್ಮಾರನಿಗೂ ನೇಕಾರನಿಗೂ ಇದೆ. ನಡು ಗೂಡಲ್ಲಿ ಗೂಟನೂ ಇಲ್ಲ, ಗೂಟದ ಕುಳಿಯೂ ಇಲ್ಲ. ಯಾಕೆ ಅಂದ್ರೆ ಅದು ವಿಗ್ರಹಕ್ಕೆ ಮಾಡಿದ ಗೂಡಲ್ಲ. ಹಿಂದೆ ಪುಟ್ಟ ಬಾಗಿಲಿದೆ. ಗೋಪುರ ತೊಳೆಯೋರು ಅದರಿಂದ ಹೊರಗೆ ಬಂದು ಹಗ್ಗ ಇಳಿಸ್ತಿದ್ರು. ಹಗ್ಗ ಉಜ್ಜಿ ಉಜ್ಜಿ ಅಂಚಲ್ಲಿ ಗೆರೆ ಬಿದ್ದಿದೆ. ಗೂಡಿನ ನೆಲ ಎಷ್ಟು ನುಣುಪು ಗೊತ್ತಾ! ಜನ ನಿಂತು ನಿಂತು ಹಾಗಾಗಿರೋದು. ಬನ್ನಿ, ತೋರಿಸ್ತೀನಿ."

"ಇನ್ನೊಂದು ದಿನ," ಎಂದೆ. ಅಲ್ಲಿಂದ ನೇರ ಮನೆಗೆ ನಡೆದೆ.

ಮೂರು ಮಹಡಿಯನ್ನೂ ನಿಲ್ಲದೆ ಹತ್ತಿದೆ. ಅಪ್ಪ ಒಲೆಯ ಕಟ್ಟೆಯ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ತಲೆಯೆತ್ತಲಿಲ್ಲ.

"ಗೂಡಲ್ಲಿ ಯಾರೂ ಇಲ್ಲ," ಎಂದೆ.

"ಹೂಂ."

"ಯಾವತ್ತೂ ಇರಲಿಲ್ಲವಂತೆ."

"ಯಾರು ಹೇಳಿದ್ದು?"

"ಎಂಜಿನಿಯರು."

"ಅವನು ಆಗ ಹುಟ್ಟಿದ್ನಾ?" ಬೆಳ್ಳುಳ್ಳಿಯ ಸಿಪ್ಪೆ ಊದಿದ. "ಇದ್ಳು. ಇದ್ದವಳನ್ನ ತೋರಿಸ್ದೆ. ನಾನೇನು ಇಲ್ಲದ್ದು ಹೇಳ್ಲಿಲ್ಲ."

"ಕಲ್ಲಿನವಳು ಅಂದೆ."

"ಅದೊಂದು ತಮಾಷೆಗೆ ಶುರುವಾಗಿದ್ದು."

ಅಪ್ಪ ಚಾಕು ಕೆಳಗಿಟ್ಟ. ಆಮೇಲೆ ಹೇಳಿದ್ದನ್ನು ಅವನು ಗೈಡಿನ ದನಿಯಲ್ಲಿ ಹೇಳಲಿಲ್ಲ. ಮಾತುಗಳು ಒಂದರ ಹಿಂದೆ ಒಂದು ಬರಲಿಲ್ಲ, ಬಿಟ್ಟು ಬಿಟ್ಟು ಬಂದವು. ಅಮ್ಮ ಗೋಪುರ ತೊಳೆಯುವ ತಂಡದಲ್ಲಿದ್ದಳು. ಸೊಂಟಕ್ಕೆ ಹಗ್ಗ ಕಟ್ಟಿ, ಹಲಗೆಯ ಮೇಲೆ ಕೂತು ಇಳಿದು, ಪಾರಿವಾಳದ ಹಿಕ್ಕೆ ಕೆರೆದು, ಕಲ್ಲಿನ ಸಂದಿನಲ್ಲಿ ಹುಟ್ಟಿದ ಸಸಿ ಕೀಳುವ ಕೆಲಸ. ಊಟದ ಹೊತ್ತಿಗೆ ನಡು ಗೂಡಿಗೆ ಬಂದು ನಿಲ್ಲುತ್ತಿದ್ದಳು. ಅಪ್ಪನ ಗುಂಪು ಬಾವಿಕಟ್ಟೆಗೆ ಬರುತ್ತಿದ್ದದ್ದು ಅದೇ ಹೊತ್ತಿಗೆ. ಒಮ್ಮೆ ಯಾರೋ, ಅಲ್ಲಿ ನಿಂತಿರುವುದು ಏನು ಎಂದು ಕೇಳಿದರಂತೆ. ಇವನು ಗಂಭೀರವಾಗಿ, ಅದು ವಿಗ್ರಹ, ಜೀವ ತುಂಬಿ ಕಡೆದಿದ್ದಾರೆ ಎಂದನಂತೆ. ಸಂಜೆ ಮನೆಯಲ್ಲಿ ಹೇಳಿದರೆ ಅವಳು ಹೊಟ್ಟೆ ಹಿಡಿದು ನಕ್ಕಳು. ಮರುದಿನದಿಂದ ಗುಂಪು ಬಂದಾಗ ಅಲುಗಾಡದೆ ನಿಲ್ಲತೊಡಗಿದಳು.

"ಕೆಲವು ಸಲ ತಡ್ಕೊಳ್ಳೋಕೆ ಆಗದೆ ಕೈ ಬೀಸಿಬಿಡ್ತಿದ್ಳು. ನಾನು ಜನರಿಗೆ ಬಿಸಿಲಿಗೆ ಹಾಗೆ ಕಾಣುತ್ತೆ ಅಂತಿದ್ದೆ."

"ಅತ್ತೆ ನನಗೆ ಅಮ್ಮ ಪುರಸಭೆ ಆಫೀಸಲ್ಲಿದ್ಳು ಅಂತ ಹೇಳಿದ್ದು."

"ಅತ್ತೆಗೆ ಹಿಕ್ಕೆ ಕೆರೆಯೋ ನಾದಿನಿ ಬೇಡವಾಗಿತ್ತು. ಅವರ ಮನೆಯಲ್ಲಿ ನೀನು ಬೆಳೀತಿದ್ದೆ. ನಾನು ಎದುರು ಮಾತಾಡೋ ಹಾಗಿತ್ತಾ?" ಒಂದು ಎಸಳು ಕೈಯಲ್ಲಿ ಹೊರಳಿಸಿದ. "ಅವಳು ಹೋದ ಮೇಲೆ ಮೊದಲನೇ ಸಲ ಗುಂಪು ಕರ್ಕೊಂಡು ಅಲ್ಲಿಗೆ ಹೋದಾಗ ಬಾಯಿ ತಾನಾಗೇ ಹೇಳಿಬಿಡ್ತು. ಗೂಡು ಖಾಲಿ ಇತ್ತು. ಜನ ಮಿಕಮಿಕ ನೋಡಿದ್ರು. ರಿಪೇರಿಗೆ ಇಳಿಸಿದಾರೆ, ಬರ್ತಾಳೆ ಅಂದೆ. ಹಾಗೇ ಅಂತಾ ಬಂದೆ. ಬಲೆ ಸುತ್ತಿದ ದಿನ ಉಸಿರು ಬಂತು ನನಗೆ. ಬಲೆಯೊಳಗೆ ಇದಾಳೆ ಅಂದ್ರೆ ಯಾರು ಇಲ್ಲ ಅಂತಾರೆ?"

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅವಸರ. ಇಷ್ಟು ವರ್ಷ ಕಲ್ಲಿನ ಕಡೆ ನೋಡುತ್ತ ಕೂತಿದ್ದೆ, ಅಮ್ಮನನ್ನು ನೋಡಿದವನು ಪಕ್ಕದ ಮಂಚದಲ್ಲೇ ಮಲಗುತ್ತಿದ್ದ.

"ಮುಖ ಹೇಳು ಅಪ್ಪ."

"ಮುಖ..." ಅಪ್ಪ ಕಣ್ಣು ಮುಚ್ಚಿದ. "ಒಂದು ಕೈ ಗೋಡೆಗೆ, ಇನ್ನೊಂದು ಕೈ..."

"ಅದು ಬೇಡ. ಅದು ನನಗೆ ಬಾಯಿಪಾಠ. ಬೇರೆ ಹೇಳು."

"ಎಡಗೆನ್ನೆ..."

"ಅದೂ ಬೇಡ."

ಅವನು ಬಾಯಿ ತೆರೆದ, ಮುಚ್ಚಿದ. ಇನ್ನೊಮ್ಮೆ ತೆರೆದ. ಹುಬ್ಬು ಗಂಟಿಕ್ಕಿ ಗೋಡೆಯನ್ನು ನೋಡಿದ. ಅಪ್ಪನಿಗೆ ಮಾತು ಸಿಗದೇ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಹೇಳೀ ಹೇಳೀ ಸವೆದುಹೋಗಿದೆ ಕಣೆ," ಎಂದ ಕೊನೆಗೆ. "ನೆನಸ್ಕೊಂಡ್ರೆ ಅವಳು ಬರಲ್ಲ. ಆ ಮಾತೇ ಬರುತ್ತೆ. ಕಲ್ಲು ಕಲ್ಲು ಅಂತ ನಾನೇ ಅವಳನ್ನ ಕಲ್ಲು ಮಾಡಿಬಿಟ್ಟೆ."

ಏನು ಮಾಡಬೇಕೆಂದು ತೋಚದೆ ನನಗೆ ಗೊತ್ತಿದ್ದ ವಿದ್ಯೆಯನ್ನೇ ಹಿಡಿದೆ. ದೊಡ್ಡ ಪ್ರಶ್ನೆಗೆ ಉತ್ತರ ಸಿಗದಾಗ ಅಳೆಯಬಹುದಾದಷ್ಟನ್ನು ಕೇಳಬೇಕು.

"ಎತ್ತರ ಎಷ್ಟಿದ್ಳು?"

"ಎತ್ತರವಾ?" ಅಪ್ಪ ಕೋಲೂರಿ ಎದ್ದ. ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಯೋಚಿಸಿ, ಅಂಗೈಯನ್ನು ಮರಕ್ಕೆ ಒತ್ತಿದ. ಸ್ವಲ್ಪ ಇಳಿಸಿದ. "ಇಲ್ಲಿಗೆ. ಚಿಲಕಕ್ಕೆ ಹಣೆ ತಾಗ್ತಿತ್ತು. ಬೈತಿದ್ಳು ಚಿಲಕಕ್ಕೆ."

ನಾನು ಹೋಗಿ ನಿಂತೆ. ಅವನ ಕೈ ನನ್ನ ಕಿವಿಯ ಮಟ್ಟಕ್ಕೆ ಇತ್ತು.

"ದನಿ?"

"ಅಯ್ಯೋ, ದನಿ!" ಅಪ್ಪ ಇದ್ದಕ್ಕಿದ್ದಂತೆ ನಕ್ಕ. "ಮೇಲಿನಿಂದ ಕೂಗಿ ಕೂಗಿ ಅಭ್ಯಾಸ. ಮನೇಲೂ ಹಾಗೇ. ಉಪ್ಪು ಕೊಡಿ ಅಂದ್ರೆ ಪಕ್ಕದವರು ಜಗಳ ಅಂದ್ಕೊಂಡು ಬಾಗಿಲು ತಟ್ತಿದ್ರು."

"ಕೈ?"

"ಒರಟು. ಸುಣ್ಣದ ವಾಸನೆ. ಎಷ್ಟು ತೊಳೆದ್ರೂ ಹೋಗ್ತಿರಲಿಲ್ಲ. ಅದೇ ಕೈಯಲ್ಲಿ ನಿನಗೆ ಎಣ್ಣೆ ಹಚ್ಚೋಳು. ನೀನು ಕಿರುಚ್ತಿದ್ದೆ."

"ಕೆಳಗೆ ಬಗ್ಗಿ ಯಾರನ್ನ ಹುಡುಕ್ತಿದ್ಳು? ನಿನ್ನನ್ನಾ?"

"ನನ್ನನ್ಯಾಕೆ ಹುಡುಕ್ತಾಳೆ? ನಾನು ಉದ್ದಕ್ಕೆ ಕಾಣ್ತಿರ್ಲಿಲ್ವಾ?" ಅಪ್ಪ ಕೈಯನ್ನು ಬಾಗಿಲಿನಿಂದ ತೆಗೆದಿರಲಿಲ್ಲ. "ನಿನ್ನನ್ನ. ನೀನು ಹುಟ್ಟಿದ ಮೇಲೆ ನೋಡ್ಕೊಳ್ಳೋಕೆ ಯಾರಿದ್ರು? ಹೆಗಲ ಮೇಲೆ ಕೂರಿಸ್ಕೊಂಡೇ ಗುಂಪು ನಡೆಸ್ತಿದ್ದೆ. ಜನಕ್ಕೆ ಕೋಟೆಗಿಂತ ನಿನ್ನ ಮೇಲೇ ಕಣ್ಣು. ಅವಳು ಮೇಲಿಂದ ನಿನ್ನನ್ನ ಹುಡುಕೋಳು. ಟೋಪಿ ಇದೆಯಾ, ಅಳ್ತಿದೆಯಾ, ಅಂತ."

"ನಾನು ನೋಡ್ತಿದ್ನಾ ಅವಳನ್ನ?"

ಅಪ್ಪ ಬಾಗಿಲಿನಿಂದ ಕೈ ತೆಗೆದ. ಸುಳ್ಳು ಹೇಳುವ ಅವಕಾಶ ಇತ್ತು. ಅವನಿಗೆ ಅದು ಕಷ್ಟವೂ ಆಗುತ್ತಿರಲಿಲ್ಲ.

"ಇಲ್ಲ ಪುಟ್ಟಿ. ನೀನು ಪಾರಿವಾಳ ನೋಡ್ತಿದ್ದೆ. ಗಲ್ಲ ಹಿಡಿದು ಮೇಲೆ ತಿರುಗಿಸ್ತಿದ್ದೆ, ಅಮ್ಮ ನೋಡು, ಅಮ್ಮ ನೋಡು ಅಂತ. ಬಿಟ್ಟ ತಕ್ಷಣ ಮತ್ತೆ ಪಾರಿವಾಳ."

ಅವನು ನಗಲು ನೋಡಿದ. ನಾನೂ ನೋಡಿದೆ. ಇಬ್ಬರಿಗೂ ಆಗಲಿಲ್ಲ.

ಆಮೇಲೆ ಅಡುಗೆ ಮಾಡಿದೆವು. ಒಗ್ಗರಣೆ ಹಾಕುವಾಗ ಅವನಿಗೆ ಅವಳು ಸೀನುತ್ತಿದ್ದ ರೀತಿ ನೆನಪಾಯಿತು. ಊಟಕ್ಕೆ ಕೂತಾಗ, ಅವಳಿಗೆ ಎತ್ತರದ ಭಯವಿರಲಿಲ್ಲ, ಜಿರಲೆಯ ಭಯವಿತ್ತು ಎಂದ. ಒಂದೊಂದನ್ನೂ ನಾನು ಎರಡೆರಡು ಸಲ ಕೇಳಿದೆ. ಎರಡನೆಯ ಸಲ ಅವನು ಬೇರೆ ಮಾತಿನಲ್ಲಿ ಹೇಳಿದರೆ ಸಮಾಧಾನ, ಅದೇ ಮಾತಿನಲ್ಲಿ ಹೇಳಿದರೆ ಭಯ. ಮುಖ ಮಾತ್ರ ಬರಲಿಲ್ಲ. ಅಪ್ಪ ಕೈತೊಳೆದು ಬಂದು, "ನಾಳೆ ಏನು ಹೇಳ್ತೀಯ ಅಲ್ಲಿ?" ಎಂದು ಕೇಳಿದ.

"ಖಾಲಿ ಅಂತ."

"ಅಷ್ಟೇನಾ?"

"ಗೊತ್ತಿಲ್ಲ ಅಪ್ಪ."

ಮರುದಿನ ಮೋಡವಿತ್ತು. ಗುಂಪಿನಲ್ಲಿ ಯಾವುದೋ ಬ್ಯಾಂಕಿನ ಹೆಂಗಸರು, ಎಲ್ಲರೂ ಒಟ್ಟಿಗೆ ಮಾತಾಡುವವರು. ಓಣಿ ದಾಟಿ ಚೌಕಕ್ಕೆ ಬಂದಾಗ ನಾನು ತಿರುಗಿ, ಅವರಿಗೆ ಬೆನ್ನು ತೋರಿಸಿ, ಗೋಪುರವನ್ನು ನೋಡುತ್ತ ನಡೆದೆ. ಮುಂದೆ ನೋಡಿ ನಡೆಯುವುದು ಎಷ್ಟು ವಿಚಿತ್ರವಾಗಿತ್ತೆಂದರೆ ಎರಡು ಸಲ ಎಡವಿದೆ. ಪಾರಿವಾಳಗಳು ಕಾಲಿಗೆ ಅಡ್ಡ ಬಂದವು. ಅವುಗಳನ್ನು ನೋಡಲಿಲ್ಲ.

ಬಾವಿಕಟ್ಟೆಯ ಮೂಲೆಗೆ ಎಲ್ಲರನ್ನೂ ಕರೆದೆ. ಕಮ್ಮಾರನ, ನೇಕಾರನ ಬಗ್ಗೆ ಹೇಳಿದೆ. ನಡುವಿನ ಗೂಡು ಖಾಲಿ, ಗೋಪುರ ತೊಳೆಯುವವರು ಹೊರಗೆ ಬರಲು ಮಾಡಿದ್ದು ಎಂದೆ. ಒಂದಿಬ್ಬರು ತಲೆಯೆತ್ತಿ ನೋಡಿ ಇಳಿಸಿದರು. ಉಳಿದವರು ನೀರು ಕುಡಿಯುತ್ತಿದ್ದರು. ಯಾರೂ ಕ್ಯಾಮೆರಾ ಎತ್ತಲಿಲ್ಲ.

"ಖಾಲಿ ಗೂಡು ತೋರಿಸೋಕೆ ಇಷ್ಟು ದೂರ ನಡೆಸಿದ್ರಾ ಮೇಡಂ?" ಎಂದರು ಒಬ್ಬಾಕೆ, ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತ. "ಮುಂಬದಿಯಲ್ಲಿ ಕೂರೋಕೆ ಜಾಗವಾದ್ರೂ ಇತ್ತು."

"ನಮ್ಮಮ್ಮ ಅಲ್ಲಿ ಕೆಲಸ ಮಾಡ್ತಿದ್ರು," ಎಂದೆ.

ಅವರೆಲ್ಲರ ಮಾತು ಒಟ್ಟಿಗೆ ನಿಂತಿತು. ಆಕೆ ಪಾದ ಬಿಟ್ಟು ಗೂಡಿನತ್ತ ನೋಡಿದರು, ಆಮೇಲೆ ಅಲ್ಲಿಂದ ಕೆಳಗೆ ನೆಲದವರೆಗೆ ಕಣ್ಣಿನಲ್ಲೇ ಇಳಿದು ಬಂದರು. "ಅಷ್ಟು ಮೇಲೆ? ಅಮ್ಮಮ್ಮಾ. ಹೇಗಿದ್ರು ನಿಮ್ಮಮ್ಮ?"

"ಕುಳ್ಳಗಿದ್ರು. ಜೋರು ದನಿ," ಎಂದೆ. "ಮಿಕ್ಕಿದ್ದು ಇನ್ನೂ ಕೇಳ್ತಿದೀನಿ."

ಆಕೆ ಚಪ್ಪಲಿ ಮೆಟ್ಟಿಕೊಂಡು ಎದ್ದು ನಿಂತರು. ಇನ್ನೂ ಏನಾದರೂ ಹೇಳುತ್ತೇನೆಂದು ಎಲ್ಲರೂ ಕಾದರು. ಮೋಡ ಸ್ವಲ್ಪ ಸರಿದು ಗೋಪುರದ ಮುಂಬದಿಗೆ ಬಿಸಿಲು ಬಂತು. ಈ ಬದಿಗೆ ಬರಲಿಲ್ಲ. ಗೂಡಿನಿಂದ ಕಣ್ಣು ಕೀಳದೆ ಅವರಿಗೆ ಸೇತುವೆಯ ಕಡೆ ನಡೆಯಲು ಹೇಳಿ, ದಾರಿ ನೇರವಾಗಿದೆ, ನಾನು ಹಿಂದೆಯೇ ಬರುತ್ತೇನೆ ಎಂದೆ.